ಇಬ್ಬರ ಕಛೇರಿ ಎರಡೂವರೆ ಗಂಟೆಗೆ ಬೆಳೆದಾಗ: ಶ್ರುತಿ, ಸರದಿ, ಮೈಕು, ಸಂಭಾವನೆ

ತಾನವರ್ಣ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾವಿಬ್ಬರು ಹತ್ತು ವರ್ಷಗಳಿಂದ ದ್ವಂದ್ವ ಗಾಯನ ಮಾಡುತ್ತಿದ್ದೇವೆ. ಒಡಹುಟ್ಟಿದವರಲ್ಲ, ಒಂದೇ ಗುರುಗಳ ಶಿಷ್ಯೆಯರು. ಇದುವರೆಗೆ ಸಿಕ್ಕಿದ್ದೆಲ್ಲ ಒಂದು, ಹೆಚ್ಚೆಂದರೆ ಒಂದೂವರೆ ಗಂಟೆಯ ಕಛೇರಿಗಳು: ಗಣೇಶೋತ್ಸವ, ಪುರಂದರದಾಸರ ಆರಾಧನೆ, ಬಡಾವಣೆಯ ರಾಮಮಂದಿರ. ಬರುವ ರಾಮನವಮಿಗೆ ಮೊದಲ ಸಲ ಎರಡೂವರೆ ಗಂಟೆ ಕೊಟ್ಟಿದ್ದಾರೆ, ಪಿಟೀಲು, ಮೃದಂಗ, ಘಟದ ಜೊತೆ.

ಬಗೆಹರಿಯದೆ ಉಳಿದಿರುವುದು ಇಷ್ಟು. ನನಗೆ ಐದೂವರೆ ಮನೆಯ ಶ್ರುತಿ (ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಆಧಾರ ಸ್ವರ) ಸಲೀಸು, ಜೊತೆಯವಳಿಗೆ ಐದು ಮನೆ. ಐದೂವರೆಗೆ ಹಾಡಿದರೆ ಕೊನೆಕೊನೆಗೆ ಅವಳ ತಾರಸ್ಥಾಯಿ (ಮೇಲಿನ ಸ್ವರಗಳು) ಬಿಗಿಯುತ್ತದೆ, ಐದಕ್ಕೆ ಇಳಿದರೆ ನನ್ನ ಮಂದ್ರ (ಕೆಳಗಿನ ಸ್ವರಗಳು) ಕೇಳಿಸುವುದಿಲ್ಲ. ಕಲ್ಪನಾಸ್ವರದಲ್ಲಿ (ವೇದಿಕೆಯಲ್ಲೇ ಕಟ್ಟಿ ಹಾಡುವ ಸ್ವರಗಳಲ್ಲಿ) ಆವರ್ತನ, ಅಂದರೆ ತಾಳದ ಸುತ್ತು, ಕಡಿಮೆ ಮಾಡುತ್ತಾ ಹೋದಂತೆ ಯಾರ ಸರದಿ ಎಂಬ ಗೊಂದಲವಾಗುತ್ತದೆ, ಕೋರ್ವೆಯಲ್ಲಿ (ಕೊನೆಗೆ ಹಾಡುವ ಲೆಕ್ಕದ ಸ್ವರಕಟ್ಟಿನಲ್ಲಿ) ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಖ್ಯ ರಾಗವನ್ನು ಇಬ್ಬರೂ ಹಾಡಬೇಕೋ ಒಬ್ಬರೇ ಹಾಡಬೇಕೋ ತೀರ್ಮಾನವಾಗಿಲ್ಲ. ಮೈಕಿನಲ್ಲಿ ಇಬ್ಬರ ದನಿ ಕಲಸಿಹೋಗುತ್ತದೆ ಎಂದು ಕೇಳುಗರು ಹೇಳುತ್ತಾರೆ. ಇದರ ಮೇಲೆ, "ಇಬ್ಬರಿದ್ದರೂ ಒಂದೇ ಗಾಯನ ತಾನೇ" ಎಂದು ಒಬ್ಬರ ಸಂಭಾವನೆಯನ್ನೇ ಇಬ್ಬರಿಗೂ ಸೇರಿಸಿ ಕೊಡುವ ಪದ್ಧತಿ. ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಜೀವಾಳ

ಶ್ರುತಿ ಇತ್ಯರ್ಥವಾಗದೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ. ಐದು ಮನೆಗೆ ಮಂದ್ರ ಪಂಚಮ ಸುಮಾರು 147 ಹರ್ಟ್ಸ್, ತಾರ ಪಂಚಮ 588. ಐದೂವರೆಗೆ ಅವೇ ಸ್ವರಗಳು 156 ಮತ್ತು 623ಕ್ಕೆ ಏರುತ್ತವೆ. ಕೆಳಗೆ ಒಂಬತ್ತೇ ಹರ್ಟ್ಸ್ ವ್ಯತ್ಯಾಸ, ಮೇಲೆ ಮೂವತ್ತೈದು. ಕಿವಿಗೆ ಎರಡೂ ಅರ್ಧ ಮನೆಯೇ. ಆದರೆ ಗಂಟಲಿಗೆ ಮೇಲಿನದು ಬಹಳ ದುಬಾರಿ, ಅದರಲ್ಲೂ ಎರಡು ಗಂಟೆ ಹಾಡಿದ ಮೇಲೆ.

ನನ್ನ ಅಭಿಪ್ರಾಯ ಸ್ಪಷ್ಟ: ಐದು ಮನೆ ಇಟ್ಟುಕೊಳ್ಳಿ. ಬಿಗಿದ ತಾರಸ್ಥಾಯಿ ಶ್ರುತಿಯಿಂದ ಕೆಳಗೆ ಜಾರುತ್ತದೆ, ಅದು ಕೊನೆಯ ಸಾಲಿನವರಿಗೂ ಗೊತ್ತಾಗುತ್ತದೆ. ಮಂದ್ರದಲ್ಲಿ ಒಬ್ಬರ ದನಿ ತೆಳುವಾದರೆ ಇನ್ನೊಬ್ಬರು ಹೊತ್ತುಕೊಳ್ಳಬಹುದು. ಇಬ್ಬರು ಹಾಡುವುದರ ದೊಡ್ಡ ಅನುಕೂಲವೇ ಅದು. ಮಂದ್ರದ ಸಂಗತಿಗಳನ್ನು (ಒಂದೇ ಸಾಲನ್ನು ಬೇರೆ ಬೇರೆಯಾಗಿ ಹಾಡುವ ರೂಪಗಳನ್ನು) ಅವರಿಗೆ ಬಿಡಿ, ನೀವು ಆ ಹೊತ್ತು ಸುಮ್ಮನಿರಿ ಅಥವಾ ತೀರಾ ಮೆಲ್ಲಗೆ ಹಾಡಿ. ಅನುಪಲ್ಲವಿ ತಾರಷಡ್ಜ ದಾಟುವ ಕಡೆ ನೀವು ಮುಂದಿರಿ.

ಆದರೂ ಪರೀಕ್ಷೆ ಮಾಡದೆ ನಿರ್ಧರಿಸಬೇಡಿ. ನಾಲ್ಕು ದಿನ ಸಾಕು. ಎರಡು ದಿನ ಐದಕ್ಕೆ, ಎರಡು ದಿನ ಐದೂವರೆಗೆ, ದಿನಕ್ಕೆ ಪೂರ್ತಿ ಎರಡು ಗಂಟೆ ಹಾಡಿ. ಮೊದಲ ಹತ್ತು ನಿಮಿಷ ರೆಕಾರ್ಡ್ ಮಾಡಬೇಡಿ, ಕೊನೆಯ ಹದಿನೈದು ನಿಮಿಷ ಮಾಡಿ. ಆ ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ಒಂದು ವರ್ಣವನ್ನು ಎರಡು ಕಾಲದಲ್ಲಿ ಹಾಡಿ, ಆಮೇಲೆ ತಾರ ಗಾಂಧಾರದಲ್ಲಿ ನಿಂತು ತಾರ ಪಂಚಮ ಮುಟ್ಟಿ ಬನ್ನಿ. ದಣಿದ ಗಂಟಲು ಯಾವ ಶ್ರುತಿಯಲ್ಲಿ ನಿಲ್ಲುತ್ತದೋ ಅದೇ ಕಛೇರಿಯ ಶ್ರುತಿ.

ಎರಡನೆಯದು ಷಡ್ಜ ಕೂಡಿಸುವುದು. ತಂಬೂರಿ ಹಾಕಿಕೊಂಡು ಇಬ್ಬರೂ ತಾರಷಡ್ಜವನ್ನು ಆಕಾರದಲ್ಲಿ ಹನ್ನೆರಡು ಸೆಕೆಂಡು ಹಿಡಿಯಿರಿ. ಒಬ್ಬರು 392ರಲ್ಲಿ, ಇನ್ನೊಬ್ಬರು 395ರಲ್ಲಿ ಇದ್ದರೆ ದನಿ ಸೆಕೆಂಡಿಗೆ ಮೂರು ಸಲ ಉಬ್ಬಿ ತಗ್ಗಿದಂತೆ ಕೇಳಿಸುತ್ತದೆ. ಕೇಳುಗರು "ಕಲಸಿಹೋಗುತ್ತದೆ" ಎನ್ನುವುದರಲ್ಲಿ ಅರ್ಧ ಪಾಲು ಇದೇ, ಮೈಕಿನದ್ದಲ್ಲ. ಆ ಅಲುಗಾಟ ನಿಲ್ಲುವವರೆಗೆ ಒಬ್ಬರು ಸ್ಥಿರವಾಗಿರಿ, ಇನ್ನೊಬ್ಬರು ಹತ್ತಿರಕ್ಕೆ ಬನ್ನಿ. ಇಬ್ಬರೂ ಒಟ್ಟಿಗೆ ಸರಿಪಡಿಸಲು ಹೊರಟರೆ ಯಾವತ್ತೂ ಕೂಡುವುದಿಲ್ಲ. ಷಡ್ಜವಾದ ಮೇಲೆ ಪಂಚಮ, ಆಮೇಲೆ ಅಂತರ ಗಾಂಧಾರ. ಗಾಂಧಾರ ಕೂಡಲು ಸ್ವಲ್ಪ ಹೆಚ್ಚು ದಿನ ಬೇಕು, ಅವಸರ ಬೇಡ.

ಆಕಾರದ ಬಾಯಿಯೂ ಒಂದೇ ಇರಬೇಕು. ಒಬ್ಬರ "ಆ" ತೆರೆದಿದ್ದು ಇನ್ನೊಬ್ಬರದು "ಅ", "ಒ"ಗಳ ನಡುವೆ ಇದ್ದರೆ ಸ್ವರ ಸರಿಯಿದ್ದರೂ ಎರಡು ಪದರ ಕೇಳುತ್ತದೆ.

ಗಮಕ ಇನ್ನೂ ಸೂಕ್ಷ್ಮ. ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ನಾಲ್ಕು ಎಣಿಕೆ ಆ ಗಾಂಧಾರವನ್ನು ಹಿಡಿಯಿರಿ, ಎಣಿಕೆಗೆ ಎರಡು ಅಲುಗು, ಒಟ್ಟು ಎಂಟು. ಮೇಲೆ ಎಲ್ಲಿವರೆಗೆ ಹೋಗುತ್ತದೆ, ಕೆಳಗೆ ಎಲ್ಲಿ ತಾಗುತ್ತದೆ ಎನ್ನುವುದನ್ನು ಮೊದಲು ವಿಳಂಬದಲ್ಲಿ ಒಬ್ಬರು ಹಾಡಿ ಇನ್ನೊಬ್ಬರು ಕೇಳಿ ಹೇಳಬೇಕು. ಒಂದೇ ಗುರುಗಳಲ್ಲಿ ಕಲಿತಿದ್ದರೂ ಹತ್ತು ವರ್ಷದಲ್ಲಿ ಅಗಲ ಬೇರೆಯಾಗಿರುತ್ತದೆ. ಭೈರವಿಯ ನಿಷಾದಕ್ಕೂ ಇದೇ ಕ್ರಮ.

ಕೊನೆಗೆ ಪಾಠಾಂತರ, ಅಂದರೆ ಕೃತಿಯನ್ನು ಕಲಿತ ರೂಪ. ಪ್ರತಿ ಕೃತಿಗೂ ಸಂಗತಿಗಳ ಸಂಖ್ಯೆ, ಯಾವುದನ್ನು ಎಷ್ಟು ಸಲ, ಉಸಿರು ಎಲ್ಲಿ ಎಂದು ಒಂದೇ ಪುಸ್ತಕದಲ್ಲಿ ಬರೆಯಿರಿ. ಉಸಿರಿನ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಇಬ್ಬರೂ ಒಂದೇ ಕಡೆ ಉಸಿರೆಳೆದರೆ ಸಾಲಿನಲ್ಲಿ ತೂತು ಬೀಳುತ್ತದೆ. ಉದ್ದನೆಯ ಕಾರ್ವೆಗಳಲ್ಲಿ (ಸ್ವರ ಎಳೆದು ನಿಲ್ಲುವ ಕಡೆ) ಒಬ್ಬರು ಒಂದೆರಡು ಎಣಿಕೆ ತಡವಾಗಿ ಉಸಿರು ತೆಗೆದುಕೊಳ್ಳಲಿ.

ಮುಕ್ತಾಯ (ಮೃದಂಗ)

ಸರದಿಯ ಗೊಂದಲಕ್ಕೆ ಕಾರಣ ಲೆಕ್ಕದಲ್ಲೇ ಇದೆ ಮೇಡಂ, ನಿಮ್ಮ ತಯಾರಿಯಲ್ಲಿ ಅಲ್ಲ. ನೀವಿಬ್ಬರೂ ಹಾಡಿದ ಮೇಲೆ ಪಿಟೀಲಿನವರಿಗೆ ಬಿಡ್ತಾ ಇದ್ದೀರಿ ಅನ್ನಿಸುತ್ತೆ. ಅಂದ್ರೆ ಮೂರು ಸರದಿ. ಎರಡೆರಡು ಆವರ್ತನ, ಒಂದೊಂದು ಆವರ್ತನ ಇರೋವರೆಗೂ ಇದು ನಡೆಯುತ್ತೆ. ಅರ್ಧ ಆವರ್ತನಕ್ಕೆ ಬಂದ ತಕ್ಷಣ ಕೈ ಕೊಡುತ್ತೆ.

ಆದಿತಾಳಕ್ಕೆ ಎಂಟು ಎಣಿಕೆ, ಎಣಿಕೆಗೆ ನಾಲ್ಕು ಸ್ವರ. ಆವರ್ತನಕ್ಕೆ 32. ಅರ್ಧ ಅಂದ್ರೆ 16. ಮೂರು ಜನ ಹದಿನಾರು ಹದಿನಾರು ಮಾಡಿದರೆ 48, ಒಂದೂವರೆ ಆವರ್ತನ. ಮೊದಲ ಸುತ್ತು ಸಮದಲ್ಲಿ (ತಾಳದ ಮೊದಲ ಎಣಿಕೆಯಲ್ಲಿ) ಶುರುವಾದರೆ ಎರಡನೇ ಸುತ್ತು ತಾಳದ ನಡುವೆ ಶುರುವಾಗುತ್ತೆ. ಹೋದ ಸಲ ಮೊದಲರ್ಧದಲ್ಲಿ ಹಾಡಿದವರಿಗೆ ಈಗ ದ್ವಿತೀಯಾರ್ಧ. ಅಲ್ಲೇ ಎಡವೋದು. ಕಾಲು ಆವರ್ತನಕ್ಕೆ ಇಳಿದರೆ ಮೂರೆಂಟ್ಲೆ 24, ಇನ್ನೂ ಕೆಟ್ಟದ್ದು.

ಪರಿಹಾರ: ನೀವು, ಪಿಟೀಲು, ಅವರು, ಪಿಟೀಲು. ನಾಲ್ಕು ಸರದಿ. ಅರ್ಧಕ್ಕೆ ನಾಲ್ಕು ಹದಿನಾರ್ಲೆ 64, ಸರಿಯಾಗಿ ಎರಡು ಆವರ್ತನ. ಕಾಲಿಗೆ ನಾಲ್ಕೆಂಟ್ಲೆ 32, ಒಂದು ಆವರ್ತನ. ಪ್ರತಿ ಸುತ್ತೂ ಸಮಕ್ಕೇ ಬಂದು ನಿಲ್ಲುತ್ತೆ, ಪ್ರತಿಯೊಬ್ಬರಿಗೂ ತಾಳದಲ್ಲಿ ತಮ್ಮ ಜಾಗ ಗೊತ್ತಿರುತ್ತೆ. ಪಿಟೀಲಿನವರಿಗೆ ಕೆಲಸ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡಿ. ಯಾವ ಸ್ವರದ ಮೇಲೆ ಕುರೈಪ್ಪು (ಹೀಗೆ ಸರದಿ ಚಿಕ್ಕದು ಮಾಡ್ತಾ ಹೋಗೋದು) ಅನ್ನೋದನ್ನೂ ಹೇಳಿ. ಪಂಚಮ ಅಂತ ಒಬ್ಬರು, ಗಾಂಧಾರ ಅಂತ ಇನ್ನೊಬ್ಬರು ಹಿಡಿದರೆ ರಂಗೇ ಏರೋದಿಲ್ಲ.

ಈಗ ಕೋರ್ವೆ. ಇಬ್ಬರು ಒಟ್ಟಿಗೆ ಹಾಡೋ ಕೋರ್ವೆ ಸರಳವಾಗಿದ್ದಷ್ಟೂ ಒಳ್ಳೆಯದು, ಯಾಕಂದ್ರೆ ಅದು ಗಟ್ಟಿಯಾಗಿ, ಒಂದೇ ದನಿಯಲ್ಲಿ ಬಂದಾಗಲೇ ಅದರ ಸೊಗಸು. ಎರಡು ಆವರ್ತನಕ್ಕೆ ಒಂದು ಹೇಳ್ತೀನಿ. ಪೂರ್ವಾಂಗ 12, 10, 8, ಕಾರ್ವೆಗಳೂ ಸೇರಿ. ಒಟ್ಟು 30. ಮುಕ್ತಾಯ ಹತ್ತರದ್ದು ಮೂರು ಸಲ, ನಡುವೆ ಎರಡು ಕಡೆ ಎರಡೆರಡು ಬಿಡುವು: 30 ಮತ್ತು 4, ಅಂದ್ರೆ 34. ಎಲ್ಲ ಸೇರಿ 64. ಸಮದಲ್ಲಿ ಹಿಡಿದು ಸಮಕ್ಕೆ ಬರುತ್ತೆ.

ಕೃತಿಯ ಎಡುಪು (ತಾಳದಲ್ಲಿ ಸಾಲು ಹಿಡಿಯೋ ಜಾಗ) ಸಮದಿಂದ ಅರ್ಧ ಎಣಿಕೆ ಬಿಟ್ಟಿದ್ದರೆ ಹೊಸ ಕೋರ್ವೆ ಬೇಕಾಗಿಲ್ಲ. ಬಿಡುವನ್ನು ಎರಡರ ಬದಲು ಮೂರು ಮಾಡಿ. 30, 30, 6: ಒಟ್ಟು 66. ಸಮದಲ್ಲೇ ಹಿಡಿಯಿರಿ, ಅರ್ಧ ಎಣಿಕೆ ದಾಟಿ ಎಡುಪಿಗೆ ಇಳಿಯುತ್ತೆ. ಒಂದೂವರೆ ಎಣಿಕೆ ಬಿಟ್ಟಿದ್ದರೆ ಬಿಡುವು ಐದು ಮಾಡಿ, 70 ಬರುತ್ತೆ. ಒಂದೇ ಕೋರ್ವೆ ಮೂರು ಎಡುಪಿಗೆ ಆಯ್ತು. ಬಾಯಿಗೆ ಕೂತಿರೋದು ಒಂದೇ ಆದ್ದರಿಂದ ವೇದಿಕೆ ಮೇಲೆ ತಪ್ಪೋ ಭಯ ಕಡಿಮೆ.

ಒಬ್ಬರು ಮುಂದೆ, ಒಬ್ಬರು ಹಿಂದೆ ಹೋಗೋದು ಯಾವಾಗಲೂ ಬಿಡುವಿನಲ್ಲೇ. ಹತ್ತು ಸ್ವರ ಇಬ್ಬರೂ ಒಂದೇ ವೇಗದಲ್ಲಿ ಹೇಳ್ತಾರೆ, ನಿಲ್ಲೋ ಜಾಗದಲ್ಲಿ ಒಬ್ಬರು ಸ್ವರ ಎಳೀತಾರೆ, ಇನ್ನೊಬ್ಬರು ಮೌನವಾಗಿ ಎಣಿಸ್ತಾರೆ. ಎಳೆಯೋದೋ, ನಿಲ್ಲಿಸೋದೋ ಅಂತ ಒಂದೇ ನಿರ್ಧಾರ ಮಾಡಿ. ಅಭ್ಯಾಸದಲ್ಲಿ ಬಿಡುವಿನ ಜಾಗಕ್ಕೆ "ತಾಂ" ಅಂತ ಬಾಯಲ್ಲಿ ಹೇಳಿ, ಎರಡು ವಾರ ಆದ ಮೇಲೆ ಅದನ್ನು ನುಂಗಿಬಿಡಿ.

ನೆರವಲಿನಲ್ಲಿ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸೋವಾಗ) ಹಾಡದೆ ಇರುವವರು ತಾಳವನ್ನು ಎದ್ದು ಕಾಣೋ ಹಾಗೆ ಹಾಕಬೇಕು. ಬಲಗೈಯಲ್ಲಿ ನುಡಿಸೋ ಮೃದಂಗದವರು ಗಾಯಕರ ಬಲಕ್ಕೆ ಕೂರ್ತಾರೆ, ಪಿಟೀಲು ಎಡಕ್ಕೆ. ಲಯ ಹೆಚ್ಚು ಗಟ್ಟಿಯಿರುವವರು ಮೃದಂಗದ ಪಕ್ಕ ಕೂತರೆ ನಮಗೆ ಕಣ್ಣಿಗೆ ಸಿಗ್ತಾರೆ. ಒಂದೇ ವ್ಯವಸ್ಥೆ ವರ್ಷಾನುಗಟ್ಟಲೆ ಇಟ್ಟುಕೊಳ್ಳಿ, ಪ್ರತಿ ಕಛೇರಿಗೂ ಜಾಗ ಬದಲಾಯಿಸಬೇಡಿ.

ಬಸವನಗುಡಿ ರಸಿಕ

ಮುಖ್ಯ ರಾಗವನ್ನು ಹಂಚಿಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಕೇಳುವವನ ಮನಸ್ಸಿನಲ್ಲಿ ರಾಗ ಬೆಳೆಯುತ್ತಾ ಹೋಗುತ್ತದೆ. ನಡುವೆ ದನಿ ಬದಲಾದಾಗ ಬೆಳವಣಿಗೆ ಅಲ್ಲೇ ನಿಂತು ಮತ್ತೆ ಅ ಆ ಇ ಈಯಿಂದ ಶುರುವಾಗುತ್ತದೆ. ಎರಡನೆಯವರು ಬಂದವರೇ ಮೊದಲನೆಯವರು ಬಿಡಿಸಿಟ್ಟದ್ದನ್ನೇ ಮತ್ತೆ ಬಿಡಿಸುತ್ತಾರೆ. ಒಬ್ಬರು ಒಂದು ರಾಗ, ಇನ್ನೊಬ್ಬರು ಇನ್ನೊಂದು ರಾಗ ಪೂರ್ತಿ ಹಾಡಲಿ. ಮುಂದಿನ ಕಛೇರಿಯಲ್ಲಿ ಮುಖ್ಯ ರಾಗ ಇನ್ನೊಬ್ಬರಿಗೆ ಹೋಗಲಿ.

ತಾನವರ್ಣ (ಮೈಸೂರು)

ಮುಕ್ತಾಯ ಅವರೇ, ಮೂರು ಸರದಿಯದು ಹೌದು, ನಾವು ಹಾಗೇ ಮಾಡುತ್ತಿದ್ದುದು. 48ರ ಲೆಕ್ಕ ಈಗ ಅರ್ಥವಾಯಿತು. ರಸಿಕರು ಹೇಳುವ ದೋಷ ನಮ್ಮಲ್ಲೂ ಇದೆ, ಆದರೆ ಮುಖ್ಯ ರಾಗದಲ್ಲಿ ಒಬ್ಬರು ಹದಿನೈದು ನಿಮಿಷ ಸುಮ್ಮನೆ ಕೂತರೆ ಸಭೆಯವರು "ಇನ್ನೊಬ್ಬರು ಯಾಕೆ ಬಂದರು" ಎಂದು ಕೇಳುತ್ತಾರೆ. ಏನು ಮಾಡುವುದು?

ಜೀವಾಳ

ಇದಕ್ಕೆ ರಾಗವೇ ಉತ್ತರ ಕೊಡುತ್ತದೆ. ತೋಡಿ, ಕಲ್ಯಾಣಿ, ಕಾಂಬೋಧಿ, ಶಂಕರಾಭರಣ, ಭೈರವಿಗಳನ್ನು ಹಂಚಿಕೊಳ್ಳಬಹುದು. ಮಂದ್ರದಿಂದ ತಾರದವರೆಗೆ ಪ್ರತಿ ಸ್ವರದಲ್ಲೂ ನಿಲ್ಲುವ ಜಾಗ ಇವುಗಳಲ್ಲಿದೆ. ಸಹಾನಾ, ಆನಂದಭೈರವಿ, ರೀತಿಗೌಳಗಳನ್ನು ಹಂಚಬೇಡಿ. ಅವುಗಳ ಜೀವ ಕೆಲವೇ ಪ್ರಯೋಗಗಳಲ್ಲಿದೆ. ಇಬ್ಬರು ಹಾಡಿದರೆ ಅವೇ ಪ್ರಯೋಗಗಳು ಎರಡು ಸಲ ಬರುತ್ತವೆ, ರಸಿಕರು ಹೇಳಿದ ದೋಷ ಆಗಲೇ ಹುಟ್ಟುವುದು.

ಕಲ್ಯಾಣಿ ಎಂದಿಟ್ಟುಕೊಳ್ಳಿ. ಮೊದಲನೆಯವರು ಮಂದ್ರ ಮುಗಿಸಿ, ಮಧ್ಯಸ್ಥಾಯಿಯಲ್ಲಿ ಗಾಂಧಾರ ನ್ಯಾಸ (ನಿಲುಗಡೆ) ಕಟ್ಟಿ, ಪಂಚಮದಲ್ಲಿ ಬಂದು ನಿಲ್ಲಲಿ. ಅಲ್ಲಿಗೆ ಅವರ ಪಾಲು ಆಯಿತು. ತಾರಷಡ್ಜವನ್ನು ಮುಟ್ಟಲೇಬಾರದು. ಎರಡನೆಯವರು ಅದೇ ಪಂಚಮವನ್ನು ಹಿಡಿದುಕೊಂಡೇ ಹೊರಡಬೇಕು, ನಡುವೆ ಮೌನ ಇರಬಾರದು. ಮೊದಲ ಒಂದು ನಿಮಿಷ ಮಧ್ಯ ಗಾಂಧಾರದ ಕೆಳಗೆ ಇಳಿಯಬಾರದು. ನಿಷಾದ, ತಾರಷಡ್ಜ, ತಾರ ಗಾಂಧಾರ, ಆಮೇಲೆ ಬಿರ್ಕಾಗಳು (ವೇಗದ ಸ್ವರಗುಚ್ಛಗಳು), ಇಳಿದು ಮುಕ್ತಾಯ. ಕಷ್ಟವಿರುವುದು ಮೊದಲನೆಯವರಿಗೆ: ಮೇಲೆ ಹೋಗುವ ಆಸೆಯನ್ನು ತಡೆದುಕೊಂಡು ಪಂಚಮದಲ್ಲಿ ಬಿಟ್ಟುಕೊಡಬೇಕು. ಎಷ್ಟೋ ಜೋಡಿಗಳು ಮುರಿಯುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ, ಹಣದಲ್ಲಲ್ಲ.

ಅಭ್ಯಾಸಕ್ಕೆ ಒಂದು ಉಪಾಯ. ಆ ರಾಗದ ಎಂಟು ಮುಖ್ಯ ಪ್ರಯೋಗಗಳನ್ನು ಸ್ವರ ಹಾಕಿ ಬರೆಯಿರಿ, ನಾಲ್ಕು ಒಬ್ಬರಿಗೆ, ನಾಲ್ಕು ಇನ್ನೊಬ್ಬರಿಗೆ. ಒಂದು ತಿಂಗಳು ಅವರವರ ನಾಲ್ಕನ್ನು ಮಾತ್ರ ಬಳಸಿ. ಆಮೇಲೆ ಚೀಟಿ ಬೇಡವಾಗುತ್ತದೆ, ಕಿವಿಯೇ ಲೆಕ್ಕ ಇಟ್ಟುಕೊಳ್ಳುತ್ತದೆ.

ಪಿಟೀಲಿನವರು ನಿಮ್ಮಿಬ್ಬರ ನಂತರ ಒಂದೇ ಸಲ ಉತ್ತರ ಕೊಡಲಿ. ನಡುವೆ ಕೊಟ್ಟರೆ ಎಳೆ ತುಂಡಾಗುತ್ತದೆ. ಇಲ್ಲಿ ಮುಕ್ತಾಯ ಅವರ ನಾಲ್ಕು ಸರದಿಯ ಸೂತ್ರ ಬೇಡ, ಅದು ಸ್ವರಕ್ಕೆ ಮಾತ್ರ.

ಎರಡೂವರೆ ಗಂಟೆ ಎಂದರೆ 150 ನಿಮಿಷ. ಒಂದು ಅಂದಾಜು ಹೀಗೆ ಬರುತ್ತದೆ. ವರ್ಣ 7, ಗಣಪತಿಯ ಕೃತಿ ಚುರುಕಾದ ಸ್ವರದೊಂದಿಗೆ 10, ಒಂದು ಚಿಕ್ಕ ಕೃತಿ 5. ಆಮೇಲೆ ನಿಮ್ಮೊಬ್ಬರದೇ ರಾಗ, ಕೃತಿ, ಸ್ವರ 24. ಬಿರುಸಿನ ಕೃತಿ 5. ಅವರೊಬ್ಬರದೇ ರಾಗ ಮತ್ತು ಕೃತಿ 15. ಅಲ್ಲಿಗೆ 66 ನಿಮಿಷ. ಮುಖ್ಯಕ್ಕೆ ರಾಗ 18, ಅಂದರೆ ಆರಾರು ನಿಮಿಷ ನಿಮಗೆ, ಆರು ಪಿಟೀಲಿಗೆ. ಕೃತಿ 10, ನೆರವಲ್ 7, ಸ್ವರ 10, ತನಿ (ಮೃದಂಗ, ಘಟಗಳದೇ ಸರದಿ) 13. ಇದು 58. ದೇವರನಾಮಗಳಿಗೆ 18, ಮಂಗಳಕ್ಕೆ 2. ಒಟ್ಟು 144, ಉಳಿದ ಆರು ನಿಮಿಷ ಶ್ರುತಿ ಸರಿಪಡಿಸಿಕೊಳ್ಳಲು ಖರ್ಚಾಗುತ್ತದೆ. ಒಬ್ಬರೇ ಹಾಡುವಾಗ ರಾಗಕ್ಕೆ ಮೂರು ನಿಮಿಷ ಹೆಚ್ಚಾದರೆ ಮೂರೇ ನಿಮಿಷ. ಇಬ್ಬರೂ ಮೂರು ಮೂರು ಎಳೆದು, ಪಿಟೀಲಿನವರೂ ಎಳೆದರೆ ಒಂಬತ್ತು. ಕೊನೆಗೆ ಕಡಿತವಾಗುವುದು ದೇವರನಾಮ. ನಮ್ಮ ಊರುಗಳಲ್ಲಿ ಜನ ಕಾದು ಕೂತಿರುವುದೇ ಅದಕ್ಕೆ, ಅದಕ್ಕೆ ಕತ್ತರಿ ಹಾಕಬೇಡಿ.

ಬಸವನಗುಡಿ ರಸಿಕ

ಪಂಚಮದಲ್ಲಿ ಬಿಟ್ಟುಕೊಡುವ ಕ್ರಮ ನಿಜಕ್ಕೂ ಪಾಲನೆಯಾದರೆ ನನ್ನ ಆಕ್ಷೇಪ ಕಡಿಮೆಯಾಗುತ್ತದೆ. ಸಹಾನಾ ಮಾತ್ರ ದಯವಿಟ್ಟು ಒಬ್ಬರೇ ಹಾಡಿ.

ಹೆಸರಿನ ಬಗ್ಗೆಯೂ ಒಂದು ಮಾತು. ಒಡಹುಟ್ಟಿದವರಲ್ಲ ಎಂಬ ಅಳುಕು ಬೇಡ. ಆಲತ್ತೂರು ಸಹೋದರರು ಎಂದು ಪ್ರಸಿದ್ಧರಾದ ಶ್ರೀನಿವಾಸ ಅಯ್ಯರ್, ಶಿವಸುಬ್ರಹ್ಮಣ್ಯ ಅಯ್ಯರ್ ಒಡಹುಟ್ಟಿದವರಲ್ಲ. ಒಟ್ಟಿಗೆ ಹಾಡಿದ ಪಲ್ಲವಿಗಳೇ ಆ ಹೆಸರನ್ನು ನಿಲ್ಲಿಸಿದವು. ನಮ್ಮಲ್ಲಿ ರುದ್ರಪಟ್ಟಣ ಸಹೋದರರಾದ ತ್ಯಾಗರಾಜನ್, ತಾರಾನಾಥನ್, ಪಿಟೀಲಿನಲ್ಲಿ ಮೈಸೂರು ನಾಗರಾಜ್, ಮಂಜುನಾಥ್ ಇದ್ದಾರೆ. ಎರಡು ಹೆಸರು ಸದಾ ಜೊತೆಯಾಗಿಯೇ ಕಿವಿಗೆ ಬಿದ್ದರೆ ಊರಿಗೆ ಅದು ಒಂದೇ ಹೆಸರಾಗುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂದು ಒಮ್ಮೆ ತೀರ್ಮಾನಿಸಿ, ಬದಲಾಯಿಸಬೇಡಿ.

ಹದಿನಾರು ಚಾನೆಲ್ (ಧ್ವನಿ ವ್ಯವಸ್ಥೆ)

ಮೈಕಿನ ಭಾಗ ನಾನು ಹೇಳುತ್ತೇನೆ. ಒಬ್ಬರ ದನಿ ಇನ್ನೊಬ್ಬರ ಮೈಕಿಗೂ ಸೋರುತ್ತದೆ, ಚೂರು ತಡವಾಗಿ. ಎರಡೂ ಸ್ಪೀಕರಿನಲ್ಲಿ ಕೂಡಿದಾಗ ಕೆಲವು ಸ್ವರ ಸವೆದು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಇದಕ್ಕೆ ಹಳೆಯ ಸೂತ್ರ: ಬಾಯಿಂದ ಮೈಕಿಗೆ ಎಷ್ಟು ದೂರವೋ, ಮೈಕಿಂದ ಮೈಕಿಗೆ ಅದರ ಮೂರು ಪಟ್ಟು ದೂರ ಕನಿಷ್ಠ ಇರಬೇಕು. ಬಾಯಿಂದ ಮೈಕು 15 ಸೆಂಟಿಮೀಟರ್ ಇದ್ದರೆ ಮೈಕುಗಳ ನಡುವೆ 45. ನೀವು ಮೈಕಿಂದ 30 ಸೆಂಟಿಮೀಟರ್ ಹಿಂದೆ ಸರಿದು ಕೂತರೆ 90 ಬೇಕು. ಚಿಕ್ಕ ವೇದಿಕೆಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಹಾಗಾಗಿ ಮೈಕಿಗೆ ಹತ್ತಿರ ಕೂರಿ, ಒಬ್ಬರಿಂದ ಒಬ್ಬರಿಗೆ ಎರಡೂವರೆ ಅಡಿ ಇರಲಿ.

ಒಂದೇ ಮಾದರಿಯ ಎರಡು ಕಾರ್ಡಿಯಾಯ್ಡ್ ಮೈಕು (ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವಂಥದ್ದು) ಕೇಳಿ. ಒಂದು ಒಂದು ಕಂಪನಿ, ಇನ್ನೊಂದು ಇನ್ನೊಂದು ಆದರೆ ಒಂದೇ ಬಗೆಯ ದನಿಯೂ ಬೇರೆ ಬೇರೆ ಕೇಳುತ್ತದೆ. ಮಾನಿಟರ್ ಸ್ಪೀಕರು ಮೈಕಿನ ಬೆನ್ನಿಗೆ ಎದುರಾಗಿ, ನಿಮ್ಮ ಮುಂದೆ ನೇರವಾಗಿರಲಿ, ಪಕ್ಕದಲ್ಲಿ ಬೇಡ.

ಎಲೆಕ್ಟ್ರಾನಿಕ್ ತಂಬೂರಿಯನ್ನು ಒಬ್ಬರ ಪಕ್ಕ ಇಟ್ಟುಕೊಳ್ಳುವ ಅಭ್ಯಾಸವೇ ದೊಡ್ಡ ತೊಂದರೆ. ಆಚೆ ಕೂತವರಿಗೆ ಮೃದಂಗದ ಸದ್ದಿನಲ್ಲಿ ಅದು ಕೇಳುವುದೇ ಇಲ್ಲ, ಅರ್ಧ ಗಂಟೆಯಲ್ಲಿ ಶ್ರುತಿ ಕದಲುತ್ತದೆ. ಅದರಿಂದ ನೇರ ತಂತಿ ಎಳೆಸಿ ಇಬ್ಬರ ಮಾನಿಟರಿನಲ್ಲೂ ಬರುವಂತೆ ಮಾಡಿಸಿ. ಮಾನಿಟರಿನಲ್ಲಿ ತಂಬೂರಿ ಜೋರು, ಜೊತೆಯವರ ದನಿ ಮಧ್ಯಮ, ನಿಮ್ಮ ದನಿ ಕಡಿಮೆ. ನಿಮ್ಮ ದನಿ ನಿಮಗೆ ಜೋರಾಗಿ ಕೇಳಿದರೆ ಜೊತೆಯವರನ್ನು ಕೇಳುವುದನ್ನು ಬಿಟ್ಟುಬಿಡುತ್ತೀರಿ.

ಸೌಂಡ್ ಚೆಕ್‌ಗೆ ಹತ್ತು ನಿಮಿಷ ಮೊದಲೇ ಕೇಳಿಟ್ಟುಕೊಳ್ಳಿ. ಒಬ್ಬೊಬ್ಬರೇ ಒಂದೇ ಸಾಲನ್ನು ಮಂದ್ರದಲ್ಲಿ, ಆಮೇಲೆ ತಾರದಲ್ಲಿ ಹಾಡಿ. ಕೊನೆಗೆ ಇಬ್ಬರೂ ಸೇರಿ ಅದೇ ಸಾಲು. ಮಂದ್ರ ತೆಳುವಾದವರು ಆ ಸಂಗತಿಗಳಿಗೆ ಮೈಕಿಗೆ ನಾಲ್ಕು ಬೆರಳು ಹತ್ತಿರ ಬರುವುದನ್ನು ರೂಢಿ ಮಾಡಿಕೊಳ್ಳಿ. ಆಪರೇಟರ್ ಗುಂಡಿ ತಿರುಗಿಸಿ ಏರಿಸಿದರೆ ತಾರಸ್ಥಾಯಿಗೆ ಬಂದಾಗ ಅದೇ ದನಿ ಕಿರುಚಿದಂತಾಗುತ್ತದೆ. 100 ಹರ್ಟ್ಸಿನ ಕೆಳಗಿನದನ್ನು ಗಾಯನದ ಮೈಕಿನಲ್ಲಿ ಕತ್ತರಿಸಲು ಹೇಳಿ. ನಿಮ್ಮ ಮಂದ್ರ ಪಂಚಮವೇ 147ರಲ್ಲಿದೆ, ಏನೂ ನಷ್ಟವಿಲ್ಲ, ವೇದಿಕೆಯ ಹಲಗೆಯ ಗುಡುಗು ಹೋಗುತ್ತದೆ. ಎಕೋ ಆದಷ್ಟೂ ಕಡಿಮೆ. ಎರಡು ದನಿಗೆ ಉದ್ದನೆಯ ಎಕೋ ಹಾಕಿದರೆ ಸಾಹಿತ್ಯ ಹೋಗಿಯೇಬಿಡುತ್ತದೆ.

ಸಭೆಯ ಬಾಗಿಲು (ಬೆಂಗಳೂರು, ಸಂಘಟನೆ)

ಸಂಭಾವನೆಯ ಮಾತು ಯಾರೂ ಎತ್ತದಿದ್ದರೆ ಅದು ಸರಿಹೋಗುವುದಿಲ್ಲ, ಹಾಗಾಗಿ ನೇರವಾಗಿ ಬರೆಯುತ್ತೇನೆ. ಸಣ್ಣ ಸಭೆಗಳ ಲೆಕ್ಕದಲ್ಲಿ "ಗಾಯನ" ಒಂದು ಸಾಲು, "ಪಕ್ಕವಾದ್ಯ" ಇನ್ನೊಂದು ಸಾಲು. ಗಾಯನದ ಸಾಲಿನಲ್ಲಿ ಇಬ್ಬರಿದ್ದರೂ ಮೊತ್ತ ಬದಲಾಗುವುದಿಲ್ಲ. ನೀವು ಇಬ್ಬರ ಪಾಲು ಕೇಳಿದರೆ "ಒಬ್ಬರೇ ಬನ್ನಿ" ಎನ್ನುತ್ತಾರೆ. ಇಡೀ ತಂಡಕ್ಕೆ ಒಂದೇ ಮೊತ್ತ ಹೇಳಿ. ಅದರಲ್ಲಿ ಪಕ್ಕವಾದ್ಯದವರ ಪಾಲನ್ನು ಮೊದಲು ತೆಗೆದಿಡಿ, ಪ್ರಯಾಣ ತೆಗೆದಿಡಿ, ಉಳಿದದ್ದು ನಿಮ್ಮಿಬ್ಬರಿಗೆ ಸಮಪಾಲು. ಮುಖ್ಯ ರಾಗ ಯಾರು ಹಾಡಿದರು ಎಂಬುದರ ಮೇಲೆ ಪಾಲು ಬದಲಾಗಬಾರದು.

ಪ್ರಯಾಣದ ಲೆಕ್ಕ ಹಾಕುವಾಗ ಇಬ್ಬರು ಗಾಯಕಿಯರು, ಪಿಟೀಲು, ಮೃದಂಗ, ಘಟ, ಚಾಲಕ, ಒಟ್ಟು ಆರು ಜನ. ಐದು ಸೀಟಿನ ಕಾರಿಗೆ ಹಿಡಿಸುವುದಿಲ್ಲ, ಮಡಿಲಲ್ಲಿ ಘಟ ಇಟ್ಟುಕೊಂಡು ಬೆಂಗಳೂರಿಗೆ ಬರುವುದಕ್ಕಾಗುವುದಿಲ್ಲ. ಏಳು ಸೀಟಿನ ಬಾಡಿಗೆಯನ್ನೇ ಹೇಳಿ.

ಚೆಕ್ ಇಬ್ಬರ ಹೆಸರಿಗೂ ಬೇರೆ ಬೇರೆ ಕೇಳಿ. ಒಬ್ಬರ ಹೆಸರಿಗೆ ಪೂರ್ತಿ ಬರೆಸಿಕೊಂಡು ಮನೆಯಲ್ಲಿ ಹಂಚಿಕೊಂಡರೆ, ಮಿತಿ ದಾಟಿದಾಗ ಹಿಡಿಯುವ ಶೇಕಡ 10ರ ಟಿಡಿಎಸ್ ಆ ಒಬ್ಬರ ಪ್ಯಾನ್‌ಗೇ ಜಮೆಯಾಗುತ್ತದೆ, ಇಡೀ ಮೊತ್ತ ಅವರ ಆದಾಯವಾಗಿಯೇ ಕಾಣುತ್ತದೆ. ಹತ್ತು ವರ್ಷ ಜೊತೆಗಿದ್ದವರ ನಡುವೆಯೂ ಇದು ಮನಸ್ತಾಪ ತರುತ್ತದೆ.

ಇನ್ನು ಎಲ್ಲಿ, ಯಾವಾಗ ಬರೆಯಬೇಕು ಎಂಬುದು. ನಮ್ಮಲ್ಲಿ ವರ್ಷ ತಿರುಗುವುದು ಹಬ್ಬಗಳ ಜೊತೆ. ಪುಷ್ಯದಲ್ಲಿ ತ್ಯಾಗರಾಜರ ಮತ್ತು ಪುರಂದರದಾಸರ ಆರಾಧನೆ, ಚೈತ್ರದಲ್ಲಿ ರಾಮನವಮಿ, ಭಾದ್ರಪದದಲ್ಲಿ ಗಣೇಶೋತ್ಸವ, ಆಮೇಲೆ ದಸರಾ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ, ಬೆಂಗಳೂರು ಗಾಯನ ಸಮಾಜ 1905ರಿಂದ ಇವೆ. ಅಂಥ ದೊಡ್ಡ ವೇದಿಕೆಗಳ ಪಟ್ಟಿ ಬಹಳ ಮೊದಲೇ ತುಂಬುತ್ತದೆ. ರಾಮನವಮಿಗೆ ಬೇಕಿದ್ದರೆ ದೀಪಾವಳಿಯೊಳಗೆ ಪತ್ರ ಹೋಗಿರಬೇಕು. ಮೈಸೂರಿನಲ್ಲೇ ಬಿಡಾರಂ ಕೃಷ್ಣಪ್ಪನವರ ರಾಮಮಂದಿರ, ಕುವೆಂಪುನಗರದ ಗಾನಭಾರತಿ ನಿಮಗೆ ಹತ್ತಿರ. ಊರಿನ ಕೇಳುಗರು ಎರಡೂವರೆ ಗಂಟೆ ಕೂತು ಕೇಳಿದ್ದಾರೆ ಎನ್ನುವುದು ಹೊರಗಿನ ಸಭೆಗೆ ಬರೆಯುವಾಗ ಬಹಳ ತೂಕದ ಮಾತು.

ಪತ್ರ ಒಂದೇ ಪುಟ. ಇಬ್ಬರ ಹೆಸರು, ಶ್ರುತಿ, ಹಾಡಬಲ್ಲ ಅವಧಿ, ತಂಡದಲ್ಲಿ ಎಷ್ಟು ಜನ, ಒಂದು ರೆಕಾರ್ಡಿಂಗಿನ ಕೊಂಡಿ. ಆ ರೆಕಾರ್ಡಿಂಗ್ ಇಪ್ಪತ್ತು ನಿಮಿಷದ್ದು, ಕತ್ತರಿ ಹಾಕದ್ದು, ರಾಗ ಮತ್ತು ಸ್ವರ ಎರಡೂ ಇರುವಂಥದ್ದು ಆಗಿರಲಿ. ಸ್ಟುಡಿಯೋದಲ್ಲಿ ತಿದ್ದಿದ್ದು ಬೇಡ. ಜೋಡಿಯ ವಿಷಯದಲ್ಲಿ ಸಂಘಟಕರು ನೋಡುವುದು ಒಂದೇ: ಒಬ್ಬರು ಹಾಡುವಾಗ ಇನ್ನೊಬ್ಬರ ಮುಖ ಹೇಗಿದೆ. ವಿಡಿಯೋದಲ್ಲಿ ಇಬ್ಬರೂ ಕಾಣುವಂತಿರಲಿ.

ಒಬ್ಬರಿಗೆ ಗಂಟಲು ಕೆಟ್ಟರೆ ಏನು ಎಂಬುದನ್ನೂ ಈಗಲೇ ಬರೆದಿಟ್ಟುಕೊಳ್ಳಿ: ಕಛೇರಿ ರದ್ದೋ, ಒಬ್ಬರೇ ಹಾಡುವುದೋ, ಆಗ ಸಂಭಾವನೆ ಯಾರಿಗೆ. ಸಭೆಗೆ ಹೇಳುವ ಉತ್ತರ ಇಬ್ಬರ ಬಾಯಲ್ಲೂ ಒಂದೇ ಇರಬೇಕು.

ತಾನವರ್ಣ (ಮೈಸೂರು)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಒಂದು ಕೊನೆಯ ಸಂದೇಹ. ಐದಕ್ಕೂ ಐದೂವರೆಗೂ ನಡುವೆ ಶ್ರುತಿ ಇಟ್ಟುಕೊಂಡರೆ ಹೇಗೆ? ತಂಬೂರಿ ಪೆಟ್ಟಿಗೆಯಲ್ಲಿ ಸೂಕ್ಷ್ಮವಾಗಿ ತಿರುಗಿಸಬಹುದಲ್ಲ.

ಮುಕ್ತಾಯ (ಮೃದಂಗ)

ಪಿಟೀಲಿಗೆ ಅದು ಕಷ್ಟವಲ್ಲ, ಬಿರಡೆ ತಿರುಗಿಸಿದರೆ ಆಯ್ತು. ಮೃದಂಗಕ್ಕೂ ಕಲ್ಲಿನಲ್ಲಿ ಗೂಟ ತಟ್ಟಿ ಸ್ವಲ್ಪ ಏರಿಸಿ ಇಳಿಸಬಹುದು. ತೊಂದರೆ ಘಟದವರಿಗೆ. ಸುಟ್ಟ ಮಣ್ಣಿನ ಶ್ರುತಿ ಸುಟ್ಟಾಗಲೇ ನಿಂತುಹೋಗಿರುತ್ತೆ. ಐದಕ್ಕೆ ಒಂದು ಘಟ, ಐದೂವರೆಗೆ ಒಂದು ಘಟ ತರ್ತಾರೆ, ನಡುವಿನದ್ದಕ್ಕೆ ಅವರ ಹತ್ತಿರ ಇರೋದಿಲ್ಲ. ತನಿಯಲ್ಲಿ ಮೃದಂಗದ ಪಕ್ಕ ಘಟ ಅಪಶ್ರುತಿಯಾಗಿ ಕೇಳಿದರೆ ಹದಿಮೂರು ನಿಮಿಷ ಎಲ್ಲರಿಗೂ ಹಿಂಸೆ. ಐದೋ, ಐದೂವರೆಯೋ ಒಂದಕ್ಕೆ ನಿಲ್ಲಿ. ಪಕ್ಕವಾದ್ಯದವರಿಗೆ ದಿನಾಂಕ ಖಚಿತ ಮಾಡೋ ದಿನವೇ ಶ್ರುತಿಯನ್ನೂ ಹೇಳಿಬಿಡಿ, ಸರಿಯಾದ ಮೃದಂಗ, ಸರಿಯಾದ ಘಟ ಮನೆಯಿಂದಲೇ ಹೊರಡುತ್ತೆ.